ಪ್ರೇಕ್ಷಕವೃಂದದ ಉತ್ಸಾಹ
(ಶಾಲೆಯ ಕ್ರೀಡೋತ್ಸವದಲ್ಲಿ ಮಾಡಿದ ಭಾಷಣ)



ಹಾಕಿ ಎಂದೊಡನೆ ನಮಗೆ ಹಸುರು ಬಯಲೂ ಕೊಡಗಿನ ಆಟಗಾರರೂ ನೆನಪಾಗುವುದು ಸಹಜ. ನಾನಿಂದು ಹೇಳಹೊರಟಿರುವುದು ಕೆನಡಾ ದೇಶದ ಹಿಮಹಾಕಿಯ ಸಂಗತಿ. ಅಲ್ಲಿ ನೆಲವೇ ಮಂಜುಗಡ್ಡೆ. ಆಟಗಾರರು ಉಕ್ಕಿನ ಅಲಗುಳ್ಳ ಪಾದರಕ್ಷೆ ತೊಟ್ಟು ಜಾರುತ್ತ, ಚೆಂಡಿಗೆ ಬದಲಾಗಿ ರಬ್ಬರಿನ ಚಪ್ಪಟೆ ಬಿಲ್ಲೆಯನ್ನು ಗುರಿಗೆ ಹೊಡೆಯುತ್ತಾರೆ. ಆಡುವವರಿಗೆ ಸಂಬಳವುಂಟು, ನೋಡುವವರ ಉತ್ಸಾಹಕ್ಕೆ ಮಾತ್ರ ಯಾರೂ ಸಂಬಳ ಕೊಡುವುದಿಲ್ಲ.

ಆ ಉತ್ಸಾಹದ ಪರಿ ಕೆಲವೊಮ್ಮೆ ನಗೆ ತರಿಸುವಂಥದು. ಒಬ್ಬನೇ ಆಟಗಾರನು ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರೆ ಜನರು ತಮ್ಮ ಟೋಪಿಗಳನ್ನು ಮಂಜಿನ ಮೇಲಕ್ಕೆ ಎಸೆಯುತ್ತಾರೆ. 1952ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಅಭಿಮಾನಿಗಳು ಎಸೆದದ್ದು ಎಂಟು ಬಾಹುಗಳ ಆಕ್ಟೋಪಸ್ಸನ್ನು! ಸ್ಟಾನ್ಲಿ ಕಪ್ಪಿಗೆ ಆಗ ಎಂಟು ಗೆಲುವು ಬೇಕಾಗಿತ್ತು. ಬಾಹುವಿಗೊಂದು ಗೆಲುವೆಂಬ ಲೆಕ್ಕ. ಅದನ್ನು ಎತ್ತಿ ಒಯ್ಯಬೇಕಾದವನ ಪಾಡು ದೇವರಿಗೇ ಪ್ರೀತಿ.

ಅದೇ ಉತ್ಸಾಹವು ಉಗ್ರರೂಪ ತಾಳಿದ ರಾತ್ರಿಯೂ ಒಂದುಂಟು. ಮಾಂಟ್ರಿಯಲ್ ನಗರದಲ್ಲಿ ಆಗ ಫ್ರೆಂಚ್ ಭಾಷಿಕರೇ ಬಹುಸಂಖ್ಯಾತರು. ಆದರೆ ದೊಡ್ಡ ವ್ಯಾಪಾರ, ಅಧಿಕಾರಗಳು ಬಹುಮಟ್ಟಿಗೆ ಇಂಗ್ಲಿಷರ ಕೈಯಲ್ಲಿದ್ದವು. ಫ್ರೆಂಚರ ಕಣ್ಮಣಿ ಮೊರೀಸ್ ರಿಷಾರ್. 1944-45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದ ಈತನನ್ನು ಜನರು 'ರಾಕೆಟ್' ಎಂದೇ ಕರೆದರು. ತಮ್ಮ ಭಾಷೆಯವನೊಬ್ಬನು ಎಲ್ಲರನ್ನೂ ಮೀರಿ ಓಡುವುದನ್ನು ಕಂಡಾಗ, ದಿನವೆಲ್ಲ ತಲೆತಗ್ಗಿಸಿ ದುಡಿದವನೂ ಆ ರಾತ್ರಿ ತಲೆಯೆತ್ತಿ ಮನೆಗೆ ಹೋಗುತ್ತಿದ್ದನು.

1955ರ ಮಾರ್ಚ್ 13ರಂದು ಬಾಸ್ಟನ್ನಿನಲ್ಲಿ ಎದುರಾಳಿಯ ಕೋಲು ತಗುಲಿ ರಿಷಾರ್ ಅವರ ತಲೆಯೊಡೆಯಿತು. ಕೆರಳಿದ ಅವರು ಕೋಲಿನಿಂದ ತಿರುಗಿ ಹೊಡೆದರು. ತಡೆಯಬಂದ ಪಂಚನನ್ನೂ ಗುದ್ದಿದರು. ತಪ್ಪು ಘೋರವೇ ಸರಿ. ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಅವರನ್ನು ಆ ಋತುವಿನ ಉಳಿದೆಲ್ಲ ಆಟಗಳಿಂದ, ಕಪ್ಪಿನ ಪಂದ್ಯಗಳಿಂದಲೂ, ಹೊರಗಿಟ್ಟರು. ಜನರು ಅದನ್ನು ಇಂಗ್ಲಿಷರು ತಮಗೆ ವಿಧಿಸಿದ ದಂಡನೆಯೆಂದೇ ಭಾವಿಸಿದರು. 17ರ ರಾತ್ರಿ ಕ್ಯಾಂಬೆಲ್ ಅವರು ಮಾಂಟ್ರಿಯಲ್ಲಿನ ಫೋರಂ ಕ್ರೀಡಾಂಗಣಕ್ಕೆ ತಾವೇ ಬಂದು ಕುಳಿತರು. ಧೈರ್ಯವೆನ್ನಬೇಕೋ ಹಟವೆನ್ನಬೇಕೋ! ಮೊಟ್ಟೆ, ಟೊಮೇಟೊಗಳ ಮಳೆ ಸುರಿಯಿತು. ಅಶ್ರುವಾಯುವಿನ ಗುಂಡೊಂದು ಸಿಡಿಯಿತು. ಆಟ ನಿಂತಿತು, 4-1ರಿಂದ ಮುಂದಿದ್ದ ಡೆಟ್ರಾಯಿಟ್ ತಂಡಕ್ಕೆ ಜಯವನ್ನು ಕೊಡಲಾಯಿತು. ಹೊರಗೆ ಸೇಂಟ್ ಕ್ಯಾಥರೀನ್ ಬೀದಿಯ ಅಂಗಡಿಗಳ ಗಾಜುಗಳು ನಡುರಾತ್ರಿ ಕಳೆದರೂ ಒಡೆಯುತ್ತಲೇ ಇದ್ದವು.

ಮರುದಿನ ರಿಷಾರ್ ಅವರೇ ಬಾನುಲಿಯಲ್ಲಿ ಮಾತನಾಡಿ ಶಾಂತರಾಗಿರಿ, ದಂಡನೆಯನ್ನು ನಾನು ಒಪ್ಪಿಕೊಳ್ಳುತ್ತೇನೆ, ಮುಂದಿನ ವರ್ಷ ಕಪ್ಪು ಗೆಲ್ಲಲು ಬರುತ್ತೇನೆ ಎಂದು ಬೇಡಿಕೊಂಡರು. ಗಲಭೆ ಅಡಗಿತು. ಅಧಿಕಾರದ ಮಾತನ್ನು ಕೇಳದ ಜನರು ಪ್ರೀತಿಪಾತ್ರನ ಮಾತನ್ನು ಕೇಳಿದರು.

ಆದರೂ ನನಗೆ ಹೆಚ್ಚು ನೋವೆನಿಸುವುದು ಬೇರೊಂದು ಸಂಗತಿ. ಅದೇ ತಂಡದ ಬರ್ನಿ ಜೆಫ್ರಿಯಾನ್ ಎಂಬ ಫ್ರೆಂಚ್ ತರುಣನು ಗೋಲು ಹೊಡೆದು, ಒಂದೇ ಒಂದು ಅಂಕದಿಂದ ರಿಷಾರ್ ಅವರನ್ನು ಮೀರಿ ಆ ವರ್ಷದ ಅಗ್ರಸ್ಥಾನ ಪಡೆದನು. ತಂಡಕ್ಕಾಗಿಯೇ ಆಡಿದ ಅವನನ್ನು ಅವನ ಊರಿನವರೇ ಕೂಗಿ ಹಳಿದರು.

ರಿಷಾರ್ ಮಾತು ಉಳಿಸಿಕೊಂಡರು. 1956ರಿಂದ 1960ರವರೆಗೆ ಐದು ವರ್ಷವೂ ಕಪ್ಪು ಮಾಂಟ್ರಿಯಲ್ಲಿಗೇ ಬಂದಿತು. 1996ರ ಮಾರ್ಚ್ 11ರಂದು ಫೋರಂನ ಕಡೆಯ ಪಂದ್ಯ. ಆಟ ಬಿಟ್ಟು 36 ವರ್ಷಗಳಾಗಿದ್ದ ಆ ವೃದ್ಧರು ಮಂಜಿನ ಮೇಲೆ ಬಂದು ನಿಂತಾಗ ಜನರೆಲ್ಲ ಎದ್ದು ನಿಂತರು. ಅವರು ಕೈಯೆತ್ತಿ ಸಾಕೆಂದು ಸನ್ನೆ ಮಾಡಿದರೂ ಕರತಾಡನ ನಿಲ್ಲಲಿಲ್ಲ. ನಿಮಿಷಗಳ ಮೇಲೆ ನಿಮಿಷಗಳು ಕಳೆದವು. ರಾಕೆಟ್ಟಿನ ಕಣ್ಣುಗಳು ತುಂಬಿಬಂದವು.