ಕಣ್ಣಿಗೆ ವಿದ್ಯುತ್ತು ತೋರಿಸುವ ಬೆಳಕು



ಕತ್ತಲ ಕೋಣೆಯಲ್ಲಿ ಕಣ್ಣು ಮುಚ್ಚಿ, ರೆಪ್ಪೆಯ ಹೊರತುದಿಯನ್ನು ಬೆರಳಿನಿಂದ ಬಹಳ ಮೃದುವಾಗಿ ಒತ್ತಿ ನೋಡಿ. ಮೂಗಿನ ಕಡೆಗೆ ಮಸುಕಾದ ಬೆಳಕಿನ ಬಳೆಯೊಂದು ಕಾಣುತ್ತದೆ. ಕೋಣೆಯಲ್ಲಿ ಬೆಳಕೇ ಇಲ್ಲವಲ್ಲ, ಹಾಗಾದರೆ ಕಂಡದ್ದೇನು? ಅಕ್ಷಿಪಟಲ, ಅಂದರೆ ರೆಟಿನಾ, ಯಾವುದರಿಂದ ಕೆರಳಿದರೂ ಮಿದುಳು ಅದನ್ನು ಬೆಳಕೆಂದೇ ತಿಳಿಯುತ್ತದೆ. ವಿದ್ಯುತ್ತಿನಿಂದ ಕೆರಳಿಸಿದರೂ ಅಷ್ಟೆ. 1755ರಷ್ಟು ಹಿಂದೆಯೇ ಫ್ರಾನ್ಸಿನ ಶಾರ್ಲ್ ಲೆ ರಾಯ್ ಅಂಧನೊಬ್ಬನ ತಲೆಗೆ ತಂತಿ ಸುತ್ತಿ ವಿದ್ಯುತ್ ಹಾಯಿಸಿದಾಗ, ಆತನಿಗೆ ಜ್ವಾಲೆಯಂತಹ ಬೆಳಕು ಕಂಡಿತ್ತು.

ಇದರಿಂದ ಚಿಕಿತ್ಸೆ ಹೇಗೆ ಸಾಧ್ಯ? ರೆಟಿನಾದ ದಂಡ ಮತ್ತು ಶಂಕು ಕೋಶಗಳು ಬೆಳಕನ್ನು ಗ್ರಹಿಸುತ್ತವೆ. ಅವುಗಳ ಸಂಕೇತ ಒಳಪದರದ ನರಕೋಶಗಳ ಮೂಲಕ ದೃಷ್ಟಿನರವನ್ನು ಸೇರುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಾಯಿಲೆಯಲ್ಲಿ ದಂಡ, ಶಂಕುಗಳು ಸಾಯುತ್ತವೆ; ಆದರೆ ಒಳಪದರದ ಅನೇಕ ನರಕೋಶಗಳು ಉಳಿದಿರುತ್ತವೆ. ಉಳಿದ ಇವನ್ನು ವಿದ್ಯುತ್ತಿನಿಂದ ಎಚ್ಚರಿಸುವುದೇ ಉಪಾಯ. ಗ್ಲಾಕೋಮಾದಲ್ಲಿ ದೃಷ್ಟಿನರವೇ ಹಾಳಾಗುವುದರಿಂದ ಅಲ್ಲಿ ಈ ಉಪಾಯ ನಡೆಯದು.

2013ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಪಡೆದ ಆರ್ಗಸ್-2 ಇಂತಹ ಸಾಧನ. ಕನ್ನಡಕದಲ್ಲಿನ ಕ್ಯಾಮೆರಾ ದೃಶ್ಯವನ್ನು ಹಿಡಿಯುತ್ತಿತ್ತು. ಮೈಮೇಲೆ ಧರಿಸುವ ಪುಟ್ಟ ಗಣಕ ಅದನ್ನು ಸಂಕೇತವಾಗಿಸಿ, ರೆಟಿನಾದ ಮೇಲೆ ಕೂರಿಸಿದ 60 ಎಲೆಕ್ಟ್ರೋಡುಗಳಿಗೆ ನಿಸ್ತಂತುವಾಗಿ ಕಳಿಸುತ್ತಿತ್ತು. ನಮ್ಮ ದೃಷ್ಟಿನರದಲ್ಲಾದರೋ ಸುಮಾರು 10 ಲಕ್ಷ ಎಳೆಗಳಿವೆ! ಚೌಕಳಿ ಕಾಗದದಲ್ಲಿ 6 ಸಾಲು, ಸಾಲಿಗೆ 10 ಮನೆ ಗುರುತಿಸಿಕೊಂಡು, ಮನೆಗಳನ್ನು ತುಂಬಿ ಅಮ್ಮನ ಮುಖ ಬಿಡಿಸಲು ಯತ್ನಿಸಿ. ಕಷ್ಟ ತಿಳಿಯುತ್ತದೆ. ಆದರೂ ಬಾಗಿಲ ಚೌಕಟ್ಟು, ದಾರಿಯ ಅಂಚು ಗೊತ್ತಾದರೆ ಅಂಧರಿಗೆ ಅದು ಸಣ್ಣ ಲಾಭವಲ್ಲ.

ಸುಮಾರು 350 ಜನ ಇದನ್ನು ಅಳವಡಿಸಿಕೊಂಡರು. 2019ರಲ್ಲಿ ತಯಾರಕರಾದ ಸೆಕೆಂಡ್ ಸೈಟ್ ಕಂಪೆನಿ ಉತ್ಪಾದನೆ ನಿಲ್ಲಿಸಿತು; ಮರುವರ್ಷ ದಿವಾಳಿಯ ಅಂಚು ತಲುಪಿತು. ಉಪಕರಣ ಕೆಟ್ಟವರಿಗೆ ದುರಸ್ತಿಯ ದಾರಿ ಉಳಿಯಲಿಲ್ಲ. ಯಂತ್ರ ಕಣ್ಣಿನೊಳಗೇ ಇದ್ದು, ಕೆಲವರು ಮತ್ತೆ ಕತ್ತಲಿಗೆ ಮರಳಿದರು.

ಸಂಶೋಧನೆ ಮಾತ್ರ ಮುಂದುವರಿಯಿತು. ಪ್ರೈಮಾ ಎಂಬ ಹೊಸ ಸಾಧನ 2 ಮಿಲಿಮೀಟರ್ ಅಗಲದ ಚಿಪ್. ಕನ್ನಡಕದಿಂದ ಬರುವ ಅವಕೆಂಪು ಕಿರಣವನ್ನು ಅದರ 378 ಘಟಕಗಳು ಸೌರಕೋಶದಂತೆ ವಿದ್ಯುತ್ತಾಗಿಸುತ್ತವೆ; ಕಣ್ಣಿನೊಳಗೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ವಯಸ್ಸಾದಂತೆ ರೆಟಿನಾದ ನಡುಭಾಗ ಸವೆದವರಲ್ಲಿ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಯಲ್ಲಿ ಪರೀಕ್ಷಿಸಿದ 32 ಜನರಲ್ಲಿ 26 ಮಂದಿಯ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತ್ತು.

ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳೂ ವೈದ್ಯರೂ ಆಗುವಿರಿ. ದೇಹದೊಳಗೆ ಕೂರಿಸುವ ಯಂತ್ರವನ್ನು ರೂಪಿಸುವಾಗ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದರ ಜೊತೆಗೆ, ಹತ್ತು ವರ್ಷದ ನಂತರ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದೂ ಕೇಳಿಕೊಳ್ಳಿ.