ಕಾಲುವೆಯ ಕೊನೆಯ ಹೊಲ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸ್ವಾಗತ ಮಾಡಿದವರು ನನ್ನನ್ನು ‘ಸಾಫ್ಟ್‌ವೇರ್ ಎಂಜಿನಿಯರ್ ಹಾಗೂ ಸಾಹಿತಿ’ ಅಂದರು. ಮೊದಲನೆಯದಕ್ಕೆ ಸಂಬಳ ಬರುತ್ತದೆ, ಆದ್ದರಿಂದ ಅದು ನಿಜವೇ ಇರಬೇಕು. ಎರಡನೆಯದು ದೊಡ್ಡ ಮಾತು. ಹತ್ತು ವರ್ಷದಲ್ಲಿ ಹನ್ನೊಂದು ಕಥೆ ಬರೆದಿದ್ದೇನೆ, ಏಳು ಅಚ್ಚಾಗಿವೆ. “ಇಷ್ಟು ಕೆಲಸದಾಗ ಬರಿಯೋಕೆ ಟೈಮ್ ಎಲ್ಲಿ ಸಿಗ್ತದ, ಅದನ್ನ ಹುಡುಗರಿಗೆ ಹೇಳ್ರಿ” ಎಂದು ಸಮಿತಿಯವರು ವಿಷಯ ಕೊಟ್ಟಿದ್ದಾರೆ. ಅದಕ್ಕೆ ಉತ್ತರ ಹೇಳಬೇಕಾದರೆ, ಬರೆದದ್ದಕ್ಕಿಂತ ಬರೆಯದೆ ಕಳೆದುಕೊಂಡದ್ದನ್ನು ಮೊದಲು ಹೇಳಬೇಕು.

ಕಳೆದ ಜೂನ್‌ನಲ್ಲಿ ಸಮಿತಿಯಿಂದ ಫೋನ್ ಬಂತು. ನಮ್ಮ ಕನ್ನಡ ಮೇಷ್ಟ್ರು ನಡೆಸುತ್ತಿದ್ದ ಗೋಡೆ ಪತ್ರಿಕೆಯ ಬಗ್ಗೆ ಈ ಸಂಚಿಕೆಗೆ ಒಂದು ಲೇಖನ ಬೇಕು, ಅವರನ್ನೇ ಕೂರಿಸಿಕೊಂಡು ಕೇಳಿ ಬರೆಯಬೇಕು ಅಂದರು. ಹಳಬರಿಗೆ ನೆನಪಿದ್ದೀತು: ತಿಂಗಳ ಮೊದಲ ಶನಿವಾರ ಆಫೀಸ್ ರೂಮಿನ ಪಕ್ಕದ ಗೋಡೆಗೆ ನಾಲ್ಕು ಚಾರ್ಟ್ ಹಾಳೆ ಹತ್ತುತ್ತಿದ್ದವು. ಬರೆಯಲು ಬಾರದವನು ಚಿತ್ರ ಬಿಡಿಸಬಹುದು, ಅದೂ ಬಾರದವನು ಗೋಂದು ಹಚ್ಚಬೇಕು, ಸುಮ್ಮನೆ ನಿಲ್ಲುವಂತಿಲ್ಲ. ನನ್ನ ಮೊದಲ ಕಥೆ ಒಂಬತ್ತನೇ ಕ್ಲಾಸಿನಲ್ಲಿ ಆ ಗೋಡೆಯ ಮೇಲೆ ಬಂತು. ಅದರಲ್ಲಿ ‘ಅತ್ಯಂತ’ ಎಂಬ ಶಬ್ದ ಬಂದಲ್ಲೆಲ್ಲ ಮೇಷ್ಟ್ರು ಕೆಂಪು ಗೆರೆ ಎಳೆದಿದ್ದರು. ಈಗಲೂ ಆ ಶಬ್ದ ಬರೆಯಲು ಕೈ ಹೆದರುತ್ತದೆ.

“ಒಂದು ತಿಂಗಳಲ್ಲಿ ಕೊಡ್ತೀನಿ” ಅಂದೆ. ಮೇಷ್ಟ್ರಿಗೂ ಫೋನ್ ಮಾಡಿ ಬರುತ್ತೇನೆಂದು ಹೇಳಿದೆ.

ಆಮೇಲೆ ಆದದ್ದು ಇಷ್ಟು. ಅಮೆರಿಕದವರಿಗೆ ಬೆಳಗಾಗುವುದು ನಮಗೆ ರಾತ್ರಿಯಾದಾಗ. ಅವರ ಜೊತೆ ಮೀಟಿಂಗ್ ಮುಗಿಸಿ ಊಟ ಮಾಡಿ ಹತ್ತೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಒಂದು ಸಾಲು ಬರೆಯುವುದು, ಅಳಿಸುವುದು, ಮೊಬೈಲ್ ಕೈಗೆತ್ತಿಕೊಳ್ಳುವುದು. ಯಾರಾದರೂ ಕೇಳಿದರೆ “ಟೈಮೇ ಸಿಗ್ತಿಲ್ಲ” ಅನ್ನುತ್ತಿದ್ದೆ. ಒಂದು ದಿನ ಅದೇ ಮೊಬೈಲು ವಾರದ ಲೆಕ್ಕ ತೋರಿಸಿತು: ದಿನಕ್ಕೆ ಎರಡೂವರೆ ತಾಸು ನಾನು ಅದನ್ನು ನೋಡುತ್ತಿದ್ದೆ. ಹಾಗಾದರೆ ಸಮಯ ಇತ್ತು. ಇಲ್ಲದಿದ್ದದ್ದು ತ್ರಾಣ.

ದಸರೆಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಂದೆ. ಮೇಷ್ಟ್ರ ಮನೆಗೆ ಹೋದಾಗ ಬಾಗಿಲು ತೆಗೆದದ್ದು ಅಮ್ಮಾವ್ರು. “ಆಗಸ್ಟ್‌ತನಕ ಚಲೋ ಮಾತಾಡ್ತಿದ್ರಪ್ಪ. ನೀ ಬರ್ತೀ ಅಂತ ಹಳೇ ಹಾಳಿ ಎಲ್ಲಾ ಅಟ್ಟದ ಮ್ಯಾಲಿಂದ ಇಳಿಸಿ ಇಟ್ಟಿದ್ರು” ಅಂದರು. ಸೆಪ್ಟೆಂಬರಿನಲ್ಲಿ ಪಾರ್ಶ್ವವಾಯು ಆಗಿ ಮೇಷ್ಟ್ರ ಮಾತು ನಿಂತಿತ್ತು. ನನ್ನ ಗುರುತು ಹಿಡಿದರು. ಎಡಗೈಯಿಂದ ಹಾಳೆಗಳ ಕಟ್ಟನ್ನು ನನ್ನ ಕಡೆ ತಳ್ಳಿದರು. ಆ ಪತ್ರಿಕೆ ಯಾಕೆ ಶುರು ಮಾಡಿದಿರಿ, ಹಾಳೆಗೆ ದುಡ್ಡು ಯಾರು ಕೊಡುತ್ತಿದ್ದರು, ಮೊದಲ ಸಂಚಿಕೆಯಲ್ಲಿ ಯಾರು ಬರೆದರು, ಕೇಳಬೇಕೆಂದಿದ್ದ ಒಂದು ಪ್ರಶ್ನೆಗೂ ಉತ್ತರ ಸಿಗಲಿಲ್ಲ. ಇವತ್ತು ಮೇಷ್ಟ್ರು ಮೊಮ್ಮಗನ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸರ್, ನಿಮ್ಮ ಮುಂದೆಯೇ ಇದನ್ನು ಹೇಳಬೇಕು ಅಂತ ಹೇಳುತ್ತಿದ್ದೇನೆ.

ಮರುದಿನ ಸಿರುಗುಪ್ಪ ತಾಲ್ಲೂಕಿನಲ್ಲಿರುವ ಸೋದರಮಾವನ ಊರಿಗೆ ಹೋದೆ. ಮಾವನ ಎರಡು ಎಕರೆ ಗದ್ದೆ ಕಾಲುವೆಯ ಕಟ್ಟಕಡೆಗೆ ಇದೆ. ಆ ಕಡೆಯ ರೈತರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಡ್ಯಾಂ ತುಂಬಿದರೂ ಮೇಲಿನವರು ಹರಿಸಿಕೊಂಡು ಉಳಿದದ್ದು ಮಾತ್ರ ಕೊನೆಯ ಹೊಲಕ್ಕೆ. “ಡ್ಯಾಂ ತುಂಬಿದ್ರ ನನಗೇನು ಬಂತು, ಇಲ್ಲಿತನಕ ನೀರು ಬರಬೇಕಲ್ಲ” ಅಂದ ಮಾವ. ಬದುವಿನ ಮೇಲೆ ನಿಂತಿದ್ದ ನನಗೆ ನನ್ನ ಹತ್ತೂವರೆ ಗಂಟೆಯ ಲ್ಯಾಪ್‌ಟಾಪ್ ನೆನಪಾಯಿತು. ಆಫೀಸಿನ ಸಮಸ್ಯೆ, ಬೆಂಗಳೂರಿನ ಟ್ರಾಫಿಕ್, ಮೀಟಿಂಗ್, ಮೊಬೈಲು ಎಲ್ಲವೂ ಕುಡಿದು ಉಳಿದ ಹನಿಯನ್ನು ನಾನು ಬರವಣಿಗೆಗೆ ಬಿಡುತ್ತಿದ್ದೆ. ಮೇಲಿನ ತೂಬುಗಳನ್ನು ಸರದಿಯಂತೆ ಮುಚ್ಚಿದರೆ ಮಾತ್ರ ಕೊನೆಗೆ ನೀರು ಬರುತ್ತದೆ ಎಂದು ಮಾವ ಹೇಳಿದ.

ಹಾಗಾಗಿ ಸರದಿ ಮಾಡಿದೆ. ಬೆಳಿಗ್ಗೆ ಐದರಿಂದ ಆರು ಬರವಣಿಗೆಗೆ. ಮೊಬೈಲ್ ಅಡುಗೆಮನೆಯಲ್ಲಿ. ಮೊದಲ ಮೂರು ವಾರ ಪೂರ್ತಿ ಸೋತೆ, ಯಾಕೆಂದರೆ ಬೇಗ ಏಳುವುದಕ್ಕೆ ಸಂಕಲ್ಪ ಮಾಡಿದ್ದೆನೇ ಹೊರತು ಬೇಗ ಮಲಗುವುದಕ್ಕೆ ಮಾಡಿರಲಿಲ್ಲ. ರಾತ್ರಿ ಹತ್ತಕ್ಕೆ ದೀಪ ಆರಿಸತೊಡಗಿದ ಮೇಲೆ ಅದು ನಿಂತುಕೊಂಡಿತು. ಆಫೀಸಿನಲ್ಲಿ ರಾತ್ರಿ ಕೆಲಸ ಬಿದ್ದ ದಿನ ಬೆಳಿಗ್ಗೆ ಬರೆಯುವುದಿಲ್ಲ, ನಿದ್ದೆಯನ್ನು ಕದ್ದು ಬರೆದ ಪುಟವನ್ನು ಮರುದಿನ ಹರಿಯಬೇಕಾಗುತ್ತದೆ. ದಣಿದ ಹೊತ್ತಿಗೂ ಅದರದ್ದೇ ಕೆಲಸ ಉಂಟು: ಟೈಪ್ ಮಾಡುವುದು, ಕಾಗುಣಿತ ತಿದ್ದುವುದು, ಸಂಪಾದಕರಿಗೆ ಪತ್ರ. ಹೊಸ ಸಾಲು ಹುಟ್ಟಿಸುವುದನ್ನು ಮಾತ್ರ ಆ ಹೊತ್ತಿಗೆ ಒಪ್ಪಿಸುವುದಿಲ್ಲ. ಇನ್ನೊಂದು ಸಣ್ಣ ಉಪಾಯ: ಆರು ಗಂಟೆಗೆ ಏಳುವಾಗ ಮುಂದಿನ ವಾಕ್ಯ ಏನೆಂದು ಗೊತ್ತಿರುವಲ್ಲೇ ನಿಲ್ಲಿಸುತ್ತೇನೆ. ಮರುದಿನ ಖಾಲಿ ಹಾಳೆಯ ಹೆದರಿಕೆ ಇರುವುದಿಲ್ಲ.

ಇದನ್ನು ನಾನು ಕಂಡುಹಿಡಿದದ್ದಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಹೊಲದ ಕೆಲಸ ಹೊತ್ತೇರುವ ಮುಂಚೆ ಮುಗಿಯುತ್ತದೆ, ನಡುಮಧ್ಯಾಹ್ನ ಯಾರೂ ಗುದ್ದಲಿ ಹಿಡಿಯುವುದಿಲ್ಲ. ಬರಹಗಾರರಲ್ಲೂ ನೌಕರಿ ಮಾಡಿಕೊಂಡು ಬರೆದವರೇ ಬಹಳ. ಮಾಸ್ತಿಯವರ ಮೊದಲ ಕಥಾಸಂಕಲನ 1920ರಲ್ಲಿ ಬಂದಾಗ ಅವರು ಮೈಸೂರು ಸರ್ಕಾರದ ಅಧಿಕಾರಿ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ನಾಡನ್ನು ನಗಿಸಿದರು. ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರೊಲೋಪ್ ಅಂಚೆ ಇಲಾಖೆಯವನು. ಬೆಳಿಗ್ಗೆ ಐದೂವರೆಗೆ ಮೇಜಿಗೆ ಕೂತು, ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಶಬ್ದ ಬರೆದು, ಆಮೇಲೆ ಕಚೇರಿಗೆ. ಹೀಗೆ 47 ಕಾದಂಬರಿ.

ನನಗೆ ಹತ್ತಿರದವರೆಂದರೆ ನಮ್ಮ ಸಂಡೂರಿನ ವಸುಧೇಂದ್ರ. 1969ರಲ್ಲಿ ಹುಟ್ಟಿದವರು, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದವರು. ಸುಮಾರು ಎರಡು ದಶಕ ಸಾಫ್ಟ್‌ವೇರ್ ಕೆಲಸ ಮಾಡುತ್ತಲೇ ಕಥೆ, ಪ್ರಬಂಧ ಬರೆದರು. ‘ತೇಜೋ-ತುಂಗಭದ್ರಾ’ದಂಥ ದೊಡ್ಡ ಕಾದಂಬರಿ ಬಂದದ್ದು 2019ರಲ್ಲಿ, ನೌಕರಿ ಬಿಟ್ಟ ಮೇಲೆ. ಅವರು ಯಾಕೆ ಬಿಟ್ಟರು ಎಂದು ನಾನು ಹೇಳಲಾರೆ. ನನ್ನ ಅನುಭವದಲ್ಲಿ ಮಾತ್ರ ಒಂದು ಗಂಟೆಯ ನೀರಿಗೆ ಸಣ್ಣಕಥೆ ಬೆಳೆಯುತ್ತದೆ, ಕಾದಂಬರಿ ಬೆಳೆಯುವುದು ಕಷ್ಟ. ಹೋಂಲೋನ್ ಇರುವವನು ಇದನ್ನು ಒಪ್ಪಿಕೊಂಡು ಸುಮ್ಮನಿರಬೇಕು.

ಒಂದು ಮಾತು ಮುಚ್ಚಿಡಬಾರದು. ಟ್ರೊಲೋಪ್ ತನ್ನನ್ನು ಎಬ್ಬಿಸಿ ಕಾಫಿ ಕೊಡುವ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ನನಗೂ ಬೆಳಗಿನ ಆ ಗಂಟೆ ಪುಕ್ಕಟೆ ಸಿಕ್ಕಿದ್ದಲ್ಲ. ಆ ಹೊತ್ತಿಗೆ ಮಗು ಎದ್ದು ಅತ್ತರೆ ಹೆಂಡತಿ ಎತ್ತಿಕೊಳ್ಳುತ್ತಿದ್ದಳು, ಅವಳೂ ನೌಕರಿಗೆ ಹೋಗುವವಳೇ. ಎರಡು ತಿಂಗಳಾದ ಮೇಲೆ ಅವಳೇ ಕೇಳಿದಳು, “ನನ್ನ ಗಂಟೆ ಯಾವುದು?” ಈಗ ವಾರದಲ್ಲಿ ಮೂರು ಬೆಳಗು ನನ್ನದು, ಮೂರು ಅವಳದು. ಲೇಖನ ಇನ್ನೂ ತಡವಾಯಿತು, ಸಮಿತಿಯವರು ಬೈದರು.

ನಮ್ಮವ್ವ ಇಲ್ಲೇ ಪಾರ್ವತಿನಗರದಲ್ಲಿ ಜೀನ್ಸ್ ಪ್ಯಾಂಟ್ ಹೊಲಿದು ನನ್ನನ್ನು ಬಿಇ ಓದಿಸಿದಳು. ಪೀಸಿಗೆ ಇಷ್ಟು ಎಂದು ಕೂಲಿ. ಅವಳಿಗೆ ಬರುವಷ್ಟು ಹಾಡು ನನಗೆ ತಿಳಿದ ಯಾವ ಪುಸ್ತಕದಲ್ಲೂ ಇಲ್ಲ. ಕಾಲೇಜಿನಲ್ಲಿದ್ದಾಗ ಒಂದು ನೋಟ್‌ಬುಕ್ ತಂದುಕೊಟ್ಟು “ಬರೆದಿಡವ್ವ” ಅಂದಿದ್ದೆ. “ಮಷೀನ್ ನಿಲ್ಲಿಸಿದ ಮ್ಯಾಲೆ ಕಣ್ಣು ಎಲ್ಲಿ ಇರ್ತಾವಪ್ಪ” ಅಂದಳು. ಆ ನೋಟ್‌ಬುಕ್ಕಿನಲ್ಲಿ ಹಾಲಿನ ಲೆಕ್ಕ ಇದೆ. ಈ ಸಲದ ದಸರೆಯಿಂದ, ಊರಿಗೆ ಬಂದಾಗಲೆಲ್ಲ ಬೆಳಿಗ್ಗೆ ಅವಳ ಪಕ್ಕ ಕೂತು ನಾನೇ ಬರೆದುಕೊಳ್ಳುತ್ತಿದ್ದೇನೆ. ಹದಿನಾಲ್ಕು ಹಾಡಾಗಿವೆ. ಸಂಜೆ ಕೇಳಿದರೆ ನಡುವೆ ಸಾಲು ಮರೆಯುತ್ತಾಳೆ, ಬೆಳಿಗ್ಗೆ ಮರೆಯುವುದಿಲ್ಲ.

ಗೋಡೆ ಪತ್ರಿಕೆಯ ಲೇಖನ ಈ ಸಂಚಿಕೆಯಲ್ಲಿದೆ. ಮೇಷ್ಟ್ರ ಬಾಯಿಂದ ಬರಬೇಕಿದ್ದುದು ಅದರಲ್ಲಿಲ್ಲ. ಅಟ್ಟದಿಂದ ಇಳಿಸಿದ 31 ಹಾಳೆಗಳನ್ನು ಎಂಟನೇ ತರಗತಿಯ ಕೋಣೆಯಲ್ಲಿ ಹಗ್ಗ ಕಟ್ಟಿ ತೂಗುಹಾಕಿದ್ದೇವೆ. ಬಹಳ ಹಾಳೆಗಳಲ್ಲಿ ಬರೆದವರ ಹೆಸರು ಮಾಸಿಹೋಗಿದೆ. ಊಟಕ್ಕೆ ಹೋಗುವ ಮುಂಚೆ ದಯವಿಟ್ಟು ಒಂದು ಸುತ್ತು ನೋಡಿ ಹೋಗಿ. ನಿಮ್ಮ ಅಕ್ಷರ ಗುರುತು ಸಿಕ್ಕರೆ ಕೆಳಗೆ ಅಂಟಿಸಿರುವ ಚೀಟಿಯಲ್ಲಿ ಹೆಸರು, ಓದಿದ ವರ್ಷ ಬರೆಯಿರಿ. ಪೆನ್ನು ಬಾಗಿಲ ಹತ್ತಿರ ದಾರದಲ್ಲಿ ಕಟ್ಟಿದ್ದೇವೆ.