ಮೊದಲು ಶಕ್ತಿಯ ಲೆಕ್ಕ ಬರೆಯಿರಿ



ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಅನೇಕ ಮಕ್ಕಳು ಚಲನೆಯ ಲೆಕ್ಕಗಳನ್ನು ಕಂಡರೆ ಹೆದರುತ್ತಾರೆ. ಯಾವ ಬಲ ಎತ್ತ ಕಡೆ, ಯಾವ ಸೂತ್ರ ಎಲ್ಲಿ ಎಂದು ಗಾಬರಿಯಾಗುತ್ತಾರೆ. ಇಂಥ ಎಷ್ಟೋ ಲೆಕ್ಕಗಳಿಗೆ ಒಂದು ಸುಲಭ ದಾರಿಯಿದೆ. ಮೂರು ಪ್ರಶ್ನೆ ಕೇಳಿಕೊಳ್ಳಿ: ಆರಂಭದಲ್ಲಿ ಶಕ್ತಿ ಎಷ್ಟಿತ್ತು? ಕೊನೆಯಲ್ಲಿ ಎಷ್ಟು ಉಳಿಯಿತು? ನಡುವೆ ಎಷ್ಟು ಬಂತು, ಘರ್ಷಣೆಗೆ ಎಷ್ಟು ಹೋಯಿತು? ಅಂಗಡಿಯ ಜಮಾ-ಖರ್ಚಿನಂತೆ ಇದು ತಾಳೆಯಾಗಲೇಬೇಕು.

ನಮ್ಮ ಹನಗೋಡಿನ ಅಣೆಕಟ್ಟೆಯನ್ನೇ ನೋಡಿ. ಲಕ್ಷ್ಮಣತೀರ್ಥದ ನೀರು ಕೆಳಗಿಳಿಯುವಾಗ ಅದರ ಪ್ರಚ್ಛನ್ನಶಕ್ತಿ ಚಲನಶಕ್ತಿಯಾಗುತ್ತದೆ. ನೀರು 5 ಮೀಟರ್ ಇಳಿಯಿತೆಂದು ಇಟ್ಟುಕೊಳ್ಳೋಣ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ, ವೇಗದ ವರ್ಗ 2 × 10 × 5 = 100. ಅಂದರೆ ವೇಗ ಸೆಕೆಂಡಿಗೆ 10 ಮೀಟರ್. ನೇರವಾಗಿ ಬಿದ್ದರೂ ಇಳಿಜಾರಿನಲ್ಲಿ ಜಾರಿದರೂ, ಘರ್ಷಣೆ ಇಲ್ಲದಿದ್ದರೆ ಉತ್ತರ ಒಂದೇ. ಈ ನದಿ ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿ ಶಿವನಸಮುದ್ರದಲ್ಲಿ ಧುಮುಕುವ ಶಕ್ತಿಯನ್ನೇ 1902ರಲ್ಲಿ ವಿದ್ಯುತ್ತಾಗಿ ಮಾಡಿ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು.

ಈಗ ಜೀವಕ್ಕೇ ಸಂಬಂಧಪಟ್ಟ ಲೆಕ್ಕ. ಹುಣಸೂರು ರಸ್ತೆಯಲ್ಲಿ ಎರಡು ಬೈಕುಗಳು ಬರುತ್ತಿವೆ. ಒಂದರ ವೇಗ ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್. ಇನ್ನೊಂದರದು 72 ಕಿ.ಮೀ., ಅಂದರೆ 20 ಮೀಟರ್. ಮುಂದೆ ಹಸುವೊಂದು ಅಡ್ಡ ಬಂತು. ಇಬ್ಬರೂ ಒಂದೇ ಜಾಗದಲ್ಲಿ ಬ್ರೇಕ್ ಹಾಕಿದರು. ಘರ್ಷಣೆಯ ಬಲ ಬೈಕು ಮತ್ತು ಸವಾರರ ತೂಕದ ಅರ್ಧದಷ್ಟು ಎನ್ನೋಣ. ಚಲನಶಕ್ತಿಯೆಲ್ಲ ಘರ್ಷಣೆಗೆ ಖರ್ಚಾದಾಗ ಬೈಕು ನಿಲ್ಲುತ್ತದೆ. ಸಮೀಕರಣದ ಎರಡೂ ಕಡೆಯ ದ್ರವ್ಯರಾಶಿ ಹೊಡೆದುಹೋಗಿ, ದೂರ = ವೇಗದ ವರ್ಗ ÷ 10 ಎಂದು ಉಳಿಯುತ್ತದೆ. ಮೊದಲನೆಯದು 10 ಮೀಟರಿನಲ್ಲಿ ನಿಂತಿತು. ಎರಡನೆಯದಕ್ಕೆ 20 ಅಲ್ಲ, 40 ಮೀಟರ್ ಬೇಕು.

ಮೊದಲ ಬೈಕು ನಿಂತ ಜಾಗದಲ್ಲಿ ಎರಡನೆಯದರ ವೇಗವೆಷ್ಟು? ಹಲವರು 36 ಎನ್ನುತ್ತಾರೆ. ಲೆಕ್ಕ ಬರೆಯಿರಿ: 400ರಲ್ಲಿ 100 ಕಳೆದರೆ 300; ಅದರ ವರ್ಗಮೂಲ ಸುಮಾರು 17.3. ಗಂಟೆಗೆ 62 ಕಿ.ಮೀ.! ಹಸು ಅಲ್ಲೇ ನಿಂತಿದ್ದರೆ ಏನಾದೀತು, ನೀವೇ ಯೋಚಿಸಿ. ಬ್ರೇಕ್ ಹಾಕುವ ಮೊದಲು ಒಂದು ಸೆಕೆಂಡ್ ತಡವಾದರೆ ಇನ್ನೂ 20 ಮೀಟರ್ ಹೋಗಿರುತ್ತದೆ.

ಈ ವಿಧಾನಕ್ಕೂ ಮಿತಿಯಿದೆ. ಎಷ್ಟು ಹೊತ್ತು ಹಿಡಿಯಿತು, ಯಾವ ದಿಕ್ಕಿಗೆ ಹೋಯಿತು ಎಂಬುದನ್ನು ಇದು ನೇರವಾಗಿ ಹೇಳುವುದಿಲ್ಲ. ಅದಕ್ಕೆ ನ್ಯೂಟನ್ನನ ನಿಯಮಗಳೇ ಬೇಕು. ಪ್ರಶ್ನೆಯಲ್ಲಿ ಎತ್ತರ, ದೂರ, ವೇಗ ಇದ್ದು ಕಾಲದ ಮಾತಿಲ್ಲದಿದ್ದರೆ ಮೊದಲು ಶಕ್ತಿಯ ದಾರಿ ಹಿಡಿಯಿರಿ.

ಮಕ್ಕಳೇ, ಇಂದು ಮನೆಯಲ್ಲಿ 54 ಕಿ.ಮೀ. ವೇಗಕ್ಕೆ ಇದೇ ಲೆಕ್ಕ ಮಾಡಿ. ಉತ್ತರ 22.5 ಮೀಟರ್ ಬರಬೇಕು. ಬಂದರೆ ಅದನ್ನು ಬೈಕ್ ಓಡಿಸುವ ಅಣ್ಣಂದಿರಿಗೂ ತೋರಿಸಿ.